ಬರಗೇರಮ್ಮ ಮತ್ತು ಅರಗಿನ ಮುದ್ರೆಯ ಪೆಟ್ಟಿಗೆ

ತುರುವನೂರಿನ ಬರಗೇರಮ್ಮ ಸಿನಿಮಾ ಟೆಂಟು ಸೇರಿದ್ದು ಸಿನಿಮಾದ ಆಸೆಗಲ್ಲ. ಗಂಡ ಓಬಯ್ಯ ಮುರುಗಪ್ಪನ ಟೂರಿಂಗ್ ಟೆಂಟಿನಲ್ಲಿ ಗೂಟ ಹೊಡೆದು ಹಗ್ಗ ಕಟ್ಟುವ ಆಳಾಗಿದ್ದ. ಟೆಂಟು ಹೋದ ಕಡೆ ಅವನು, ಅವನು ಹೋದ ಕಡೆ ಅವಳು. ಹಿರಿಯೂರಿನಲ್ಲಿ ಒಂದಷ್ಟು ದಿನ, ಹೊಸದುರ್ಗದಲ್ಲಿ ಒಂದಷ್ಟು, ಹೊಳಲ್ಕೆರೆಯಲ್ಲಿ ಒಂದಷ್ಟು. ಮಳೆಗಾಲ ಬಂತೆಂದರೆ ಟೆಂಟನ್ನು ಮಡಚಿ ಚಿತ್ರದುರ್ಗದ ಗೋದಾಮಿಗೆ ತುಂಬಿ, ಅದರ ಪಕ್ಕದ ಜೋಪಡಿಯಲ್ಲೇ ಸಂಸಾರ. ಎಪ್ಪತ್ತರ ದಶಕ ಕಾಲಿಟ್ಟ ಹೊತ್ತಿಗೆ ಓಬಯ್ಯ ಜ್ವರ ಬಂದು ಮಲಗಿದವನು ಮೇಲೇಳಲಿಲ್ಲ. ಮಕ್ಕಳಿರಲಿಲ್ಲ. ತಿಥಿ ಮುಗಿದ ಮೇಲೆ ತುರುವನೂರಿನಿಂದ ಅಣ್ಣ ಮುನಿಯಪ್ಪ ಗಾಡಿ ಹೂಡಿಕೊಂಡು ಬಂದ.

"ನಡಿಯವ್ವ, ಮನೆಗೆ ಹೋಗಾಣ. ಗಂಡಸ್ರ ಟೆಂಟಿನಾಗೆ ಒಬ್ಬಾಕಿ ಇದ್ದು ಏನ್ಮಾಡ್ತೀಯ?"

"ಮನೇಲಿ ಇದ್ದು ಏನ್ಮಾಡ್ಲಣ್ಣ?"

"ಅತ್ತಿಗೆಗೆ ಕೈಗೂಡಿಸ್ತೀಯ. ಒಲೆ ಐತೆ, ಹಟ್ಟಿ ಐತೆ."

"ಅದು ಅತ್ತಿಗೆ ಒಲೆ. ನೀನು ಬುತ್ತಿ ಉಂಡು ಹೊರಡು. ಎತ್ತಿಗೆ ನೀರು ಕುಡಿಸೀನಿ."

ಆಗ ತಾನೇ ಟೆಂಟಿನಲ್ಲಿ ರೀಲು ಸುತ್ತುವವನು ಬೇರೆ ಟೆಂಟಿಗೆ ಹೊರಟುಹೋಗಿದ್ದ. ಸಿನಿಮಾದ ರೀಲು ಮಿಷಿನ್ನಿನಲ್ಲಿ ಓಡಿ ಮುಗಿದಾಗ ಅದರ ಕೊನೆ ಹೊರಗೂ ಮೊದಲು ಒಳಗೂ ಆಗಿರುತ್ತದೆ. ಮುಂದಿನ ಆಟಕ್ಕೆ ಮುಂಚೆ ಅದನ್ನು ಕೈಯಿಂದ ತಿರುಗಿಸಿ ಹಿಂದಕ್ಕೆ ಸುತ್ತಬೇಕು. ಅದಕ್ಕೆ ಒಂದು ಮಣೆ, ಮಣೆಯ ಮೇಲೆ ಎರಡು ತಟ್ಟೆ, ಒಂದು ಹಿಡಿ. ಬರಗೇರಮ್ಮ ಹುಟ್ಟಿದ ಮನೆಯಲ್ಲಿ ಉಣ್ಣೆ ನೂತು ಬೆಳೆದವಳು. ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಹೋಗಿ ಆ ಮಣೆಯ ಮುಂದೆ ಕುಳಿತಳು. ಆಪರೇಟರ್ ಜಂಬಣ್ಣ ಬಂದು ನೋಡಿದ, ತಲೆ ಕೆರೆದುಕೊಂಡ, ಹಿಡಿ ಹೇಗೆ ತಿರುಗಿಸಬೇಕೆಂದು ತೋರಿಸಿದ. ಅಲ್ಲಿಂದ ಅದು ಅವಳ ಜಾಗವಾಯಿತು. ಜಾಗ ಅಂದರೆ ಬರೀ ಕೂಳಿನ ಮಾತಲ್ಲ. ಯಾರ ಒಲೆಯ ಮುಂದೆಯೂ ಕಾಯದೆ ತಾನೇ ಗೆದ್ದುಕೊಂಡ ಒಂದು ಮೊಳ ನೆಲ ಅದು.

ಆ ನೆಲವೂ ಕೈಬಿಡುವ ಹಾಗಾದದ್ದು ಒಂದು ಬೇಸಿಗೆಯಲ್ಲಿ, ಶಿವರಾತ್ರಿ ಕಳೆದ ಮೇಲೆ.

ಆ ಸಲ ಟೆಂಟಿಗೆ ಬಂದದ್ದು ಹೊಸ ಚಿತ್ರ. ಹಳೆಯ ಚಿತ್ರಗಳಾದರೆ ಡಬ್ಬಿಗಳು ಮಾತ್ರ ಬಸ್ಸಿನ ಮೇಲೆ ಬರುತ್ತಿದ್ದವು. ಹೊಸ ಚಿತ್ರವಾದರೆ ಅದರ ಜೊತೆ ಒಬ್ಬ ಮನುಷ್ಯನೂ ಬರುತ್ತಿದ್ದ. ಹಂಚಿಕೆದಾರರ ಕಚೇರಿ ಕಳಿಸಿದ ಈ ರೆಪ್ರೆಸೆಂಟೇಟಿವ್‌ನ ಹೆಸರು ಈರಬಸಪ್ಪ. ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಜನಿವಾರದ ಹಾಗೆ ಎದೆಗೆ ಅಡ್ಡಲಾಗಿ ದಾರದಲ್ಲಿ ಕಟ್ಟಿದ ಬೀಗದ ಕೈ. ರೀಲುಗಳೆಲ್ಲ ಒಂದು ದೊಡ್ಡ ತಗಡಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಬೀಗ, ಬೀಗದ ಬಾಯಿಗೆ ಕೆಂಪು ಅರಗು, ಅರಗಿನ ಮೇಲೆ ಕಚೇರಿಯ ಮುದ್ರೆ. ಆಟದ ಹೊತ್ತಿಗೆ ಅವನೇ ಅರಗು ಒಡೆದು ಬೀಗ ತೆಗೆಯಬೇಕು. ಆಟ ಮುಗಿದ ಮೇಲೆ ರಾತ್ರಿಗೆ ಬೀಗ ಹಾಕಿ, ಬೆಳಿಗ್ಗೆ ತೆಗೆದು, ರೀಲು ಸುತ್ತಿ ಮುಗಿದೊಡನೆ ಅವನೇ ಡಬ್ಬಿಗಳನ್ನು ಜೋಡಿಸಿ ಬೀಗ ಹಾಕಿ ಹೊಸ ಅರಗು ಬಿಡಬೇಕು. ಯಾವುದೋ ಟೆಂಟಿನವರು ಹಿಂದೆ ಚಿತ್ರದ ಹಾಡುಗಳನ್ನೇ ಕತ್ತರಿಸಿ ಮಾರಿಕೊಂಡಿದ್ದರಂತೆ. ಇನ್ನೊಬ್ಬರು ಹಗಲು ಹೊತ್ತಿನಲ್ಲಿ ಅದೇ ಪ್ರಿಂಟನ್ನು ಕದ್ದು ಪಕ್ಕದ ಊರಿನಲ್ಲಿ ಓಡಿಸಿದ್ದರಂತೆ. ಅದಕ್ಕೇ ಇಷ್ಟು ಕಾವಲು.

ಬರಗೇರಮ್ಮ ರೀಲು ಸುತ್ತುವಾಗ ಈರಬಸಪ್ಪ ಎದುರಿಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ.

"ಬೆಳಕಿಗೆ ಹಿಡಿದು ಚಿತ್ರ ನೋಡೋ ಹಂಗಿಲ್ಲ. ಕತ್ತರಿಸೋ ಹಂಗಿಲ್ಲ, ಅಂಟಿಸೋ ಹಂಗಿಲ್ಲ. ಹರಿದ್ರೆ ನನ್ನನ್ನ ಕೂಗು."

"ನೋಡಿ ನಾನೇನ್ ಮಾಡ್ಲಿ ಸ್ವಾಮಿ? ಎಲ್ರೂ ಬೆರಳುಗಾತ್ರ ಅವರೆ."

ಇನ್ನು ಮುರುಗಪ್ಪನಿಗೆ ಆ ಬೀಗವೇ ಒಂದು ಬಂಡವಾಳವಾಗಿತ್ತು. ಕೆಲವು ವರ್ಷದ ಹಿಂದೆ ಬೇರೊಂದು ಟೆಂಟಿನವನು ಹೊಸ ಚಿತ್ರವೆಂದು ಡಂಗುರ ಹೊಡೆಸಿ ಹಳೆಯದನ್ನು ತೋರಿಸಿದ್ದ. ಹೊಳಲ್ಕೆರೆಯ ಜನ ಪರದೆಗೆ ಕಲ್ಲು ತೂರಿ ತೂತು ಮಾಡಿದ್ದರು. ಆಮೇಲೆ ಈ ಕಡೆಯ ಜನಕ್ಕೆ ಡಂಗುರದ ಮೇಲೆ ನಂಬಿಕೆಯೇ ಹೋಯಿತು. ಹಾಗಾಗಿ ಮುರುಗಪ್ಪ ಒಂದು ಪದ್ಧತಿ ಮಾಡಿದ. ಟೆಂಟು ಊರಿಗೆ ಬಂದ ದಿನ ಮತ್ತು ಸಂತೆಯ ದಿನ ಪೆಟ್ಟಿಗೆಯನ್ನು ಎತ್ತಿನ ಗಾಡಿಯ ಮೇಲಿಟ್ಟು, ಹೂವು ಸುತ್ತಿ, ತಮಟೆ ಬಡಿಸುತ್ತಾ ಊರೆಲ್ಲ ತಿರುಗಿಸುವುದು. ಯಾರು ಬೇಕಾದರೂ ಬಂದು ಬೀಗ ಮುಟ್ಟಬಹುದು, ಅರಗಿನ ಮುದ್ರೆ ನೋಡಬಹುದು. ಗಾಡಿಯವನು ಗುಡ್ಡಪ್ಪ ಸಂತೆಯ ನಡುವೆ ಗಾಡಿ ನಿಲ್ಲಿಸಿ ಕೂಗುತ್ತಿದ್ದ:

"ಬೀಗ ನೋಡ್ರಪ್ಪೋ, ಅರಗು ನೋಡ್ರಪ್ಪೋ! ಸುಳ್ಳಾದ್ರೆ ನನ್ನ ಎತ್ತು ಬಿಚ್ಕೊಂಡು ಹೋಗ್ರಪ್ಪೋ!"

ಜನ ಬಂದು ಬೀಗ ಎಳೆದು ನೋಡುತ್ತಿದ್ದರು. ಸಂಜೆ ಟೆಂಟು ತುಂಬುತ್ತಿತ್ತು. ಈರಬಸಪ್ಪನಿಗೂ ಇದು ಸರಿಬಂತು. ಪೆಟ್ಟಿಗೆ ಊರ ಕಣ್ಣ ಮುಂದೆಯೇ ಇದ್ದರೆ ಕದಿಯುವವರು ಯಾರು?

ಕೇಡು ಶುರುವಾದದ್ದು ಹಿರಿಯೂರಿನಲ್ಲಿ. ಬಂದ ದಿನದ ಮೊದಲ ಆಟ. ಜನ ಕಿಕ್ಕಿರಿದಿದ್ದರು. ಮೊದಲ ರೀಲು ಶುರುವಾಗಿ ಸ್ವಲ್ಪ ಹೊತ್ತಿಗೇ ಪರದೆಯ ಮೇಲಿನ ಚಿತ್ರ ನಡುಗಿತು, ಮಸುಕಾಯಿತು, ಆಮೇಲೆ ಎಗರಿತು. ಮಿಷಿನ್ನಿನಲ್ಲಿ ಹಲ್ಲುಚಕ್ರವೊಂದಿದೆ. ಫಿಲಂನ ಅಂಚಿನ ತೂತುಗಳೊಳಗೆ ಆ ಹಲ್ಲು ಕೂತು ಅದನ್ನು ಎಳೆದುಕೊಂಡು ಹೋಗಬೇಕು. ಫಿಲಂ ಹಲ್ಲಿನಿಂದ ಜಾರಿ, ತೂತುಗಳು ಹರಿದು, ಕರಕರ ಸದ್ದಾಯಿತು. ಜಂಬಣ್ಣ ಓಡಿಬಂದು ನಿಲ್ಲಿಸಿದ.

"ಲೇ ಜಂಬಣ್ಣ, ಮಿಷಿನ್ನಿಗೆ ಚಳಿಜ್ವರ ಬಂದೈತೆ ಕಣ್ಲಾ, ಕಷಾಯ ಕುಡ್ಸು!" ಎಂದು ನೆಲದ ಮೇಲೆ ಕೂತವರು ಕೂಗಿದರು.

ಅದನ್ನು ಸರಿಮಾಡಿ ಓಡಿಸಿದ್ದಾಯಿತು. ಇಂಟರ್ವಲ್ ಆಗಿ, ಎರಡನೆಯ ಭಾಗದ ಮೊದಲ ರೀಲು ಹಾಕಿದರೆ ಮತ್ತೆ ಅದೇ ಕತೆ. ಉಳಿದ ರೀಲುಗಳು ಎಣ್ಣೆ ಹಚ್ಚಿದ ಹಾಗೆ ಓಡಿದವು. ಎರಡನೆಯ ಆಟದಲ್ಲಿ ಯಾವುದೂ ಎಗರಲಿಲ್ಲ. ಮರುದಿನವೂ ಎಗರಲಿಲ್ಲ. ಎಲ್ಲರೂ ಮರೆತರು. ಸಂತೆಯ ದಿನ ಮತ್ತೆ ಎಗರಿತು. ಅದೇ ಎರಡು ರೀಲು.

ಈರಬಸಪ್ಪ ಹರಿದ ಅಂಚನ್ನು ಬೆರಳಿನಲ್ಲಿ ಸವರಿ ನೋಡಿದ. ಫಿಲಂ ಚಪ್ಪಟೆಯಾಗಿರದೆ ಒಣಗಿದ ಬಾಳೆಸಿಪ್ಪೆಯ ಹಾಗೆ ಸುರುಟಿಕೊಂಡಿತ್ತು.

"ಸುತ್ತೋದು ಬಿಗಿಯಾಗೈತೆ ಮುರುಗಪ್ಪಾರೇ," ಎಂದ. "ಅದಕ್ಕೇ ಹಿಂಗೆ ಸುರುಟೈತೆ. ನಾನು ಕಚೇರಿಗೆ ಏನಂತ ಹೇಳ್ಲಿ? ಮೈಲಿಗಟ್ಟಲೆ ಪ್ರಿಂಟು, ಅಂಚೆಲ್ಲ ಇಲಿ ಕಡಿದಂಗೆ ಆಗೈತೆ."

ಮುರುಗಪ್ಪ ಬರಗೇರಮ್ಮನ ಕಡೆ ತಿರುಗಿದ. ಕೆಟ್ಟ ಮನುಷ್ಯನಲ್ಲ, ಆದರೆ ಹೆದರಿದ್ದ. ಪ್ರಿಂಟು ಹರಿಯುವ ಟೆಂಟು ಅಂತ ಹೆಸರು ಬಂದರೆ ಹೊಸ ಚಿತ್ರ ಮತ್ತೆ ಯಾರೂ ಕೊಡುವುದಿಲ್ಲ.

"ನೋಡವ್ವ ಬರಗೇರವ್ವ, ಓಬಯ್ಯನ ಮುಖ ನೋಡಿ ಇಟ್ಕಂಡೆ. ಹೊಳಲ್ಕೆರೆಗೆ ಹೋಗೋದ್ರೊಳಗೆ ಇದು ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರೆ ಮಣೆಗೆ ಬೇರೆಯವ್ರನ್ನ ನೋಡ್ತೀನಿ. ನಿಮ್ಮಣ್ಣಂಗೂ ಹೇಳಿ ಕಳಿಸ್ತೀನಿ, ಗಾಡಿ ತಗೊಂಡು ಬರ್ಲಿ."

"ಅಣ್ಣನ ಎತ್ತಿಗೆ ಯಾಕೆ ತ್ರಾಸು ಕೊಡ್ತೀರಿ ಸಾವ್ಕಾರ್ರೇ," ಎಂದಳು ಬರಗೇರಮ್ಮ. "ನಿಲ್ಲಿಸ್ತೀನಿ."

ಹೇಳಿದ್ದೇನೋ ಹೇಳಿಬಿಟ್ಟಳು. ಹೇಗೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಮೊದಲು ತನ್ನ ಕೈಯನ್ನೇ ಪರೀಕ್ಷೆ ಮಾಡಿಕೊಂಡಳು. ಈರಬಸಪ್ಪನ ಕಣ್ಣೆದುರೇ ಆ ಎರಡು ರೀಲುಗಳನ್ನು ಸಡಿಲವಾಗಿ, ತೊಟ್ಟಿಲು ತೂಗುವ ಹಾಗೆ ಸುತ್ತಿದಳು. ಮುಂದಿನ ಸಂತೆಗೆ ಮತ್ತೆ ಎಗರಿತು. ಹಾಗಾದರೆ ಬಿಗಿ ಕಾರಣವಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಉಳಿದವರಿಗೆ ಆಗಲಿಲ್ಲ. "ಸಡಿಲ ಮಾಡಿದ್ಲು, ಅದಕ್ಕೇ ಎಗರ್ತು" ಅಂದರು.

ಆಮೇಲೆ ಎಗರುವ ಜಾಗದಲ್ಲಿ ಗುರುತಿಗೆ ಒಂದೆಳೆ ಉಣ್ಣೆ ಇಡುತ್ತೇನೆ ಅಂದಳು. ಈರಬಸಪ್ಪ ಸ್ಟೂಲಿನಿಂದ ಎದ್ದೇ ನಿಂತ.

"ಪ್ರಿಂಟಿನೊಳಗೆ ಉಣ್ಣೆನಾ? ಕೂದಲು, ಧೂಳು ಏನೂ ಒಳಗೆ ಹೋಗಂಗಿಲ್ಲ ತಾಯಿ. ಒಳಗಿನ ಸುದ್ದಿಗೆ ಬರಬೇಡ."

"ಆಯ್ತು ಬಿಡ್ರಿ. ಒಳಗಿನ ಸುದ್ದಿ ನಿಮ್ದು. ಹೊರಗೆ ಆಗಿದ್ದು ನಂದು."

ಕುರಿಹಟ್ಟಿಯಲ್ಲಿ ಅವಳಪ್ಪ ಮೇಕೆಕೂದಲಿನ ಹುರಿಯೊಂದನ್ನು ಕಂಬಕ್ಕೆ ತೂಗುಹಾಕುತ್ತಿದ್ದ. ಮರಿ ಹಾಕಿದ ದಿನ ಬಿಳಿ ಉಣ್ಣೆಯ ಎಸಳು, ಕುರಿ ಮೇವು ಬಿಟ್ಟ ದಿನ ಕರಿಯದು, ತೋಳ ಬಂದ ದಿನ ಕೆಂಚು. ದಿನದ ಮುಂದೆ ದಿನ, ಹುರಿ ಉದ್ದಕ್ಕೂ ಗಂಟು. ಬರಗೇರಮ್ಮನೂ ಅಂಥದೊಂದು ಹುರಿ ಹೊಸೆದು ಮಿಷಿನ್ನಿನ ಕೋಣೆಯ ಬಿದಿರಿಗೆ ಕಟ್ಟಿದಳು. ಒಂದೊಂದು ಆಟಕ್ಕೆ ಒಂದೊಂದು ಗಂಟು. ಸುಸೂತ್ರವಾದರೆ ಬಿಳಿ, ಎಗರಿದರೆ ಕರಿ. ಅವಳಿಗೆ ಒಂದು ಗುಮಾನಿಯೂ ಇತ್ತು. ಎಗರುವುದು ಆಟದ ಮೊದಲಲ್ಲಿ ಮತ್ತು ಇಂಟರ್ವಲ್ ಆದ ಮೇಲೆ. ಡೀಸೆಲ್ ಉಳಿಯಲೆಂದು ಮುರುಗಪ್ಪ ಇಂಟರ್ವಲ್‌ನಲ್ಲಿ ಜನರೇಟರ್ ನಿಲ್ಲಿಸಿ ಪೆಟ್ರೋಮ್ಯಾಕ್ಸ್ ಹಚ್ಚಿಸುತ್ತಿದ್ದ. ಅಂದರೆ ಎರಡು ಸಲವೂ ಜನರೇಟರ್ ಆಗತಾನೇ ಎದ್ದಿರುತ್ತದೆ. ನಿದ್ದೆಗಣ್ಣಿನ ಜನರೇಟರ್ ನೆಲ ನಡುಗಿಸುತ್ತದೆ, ನೆಲ ಮಿಷಿನ್ನನ್ನು ನಡುಗಿಸುತ್ತದೆ. ಅದಕ್ಕೇ ಎಗರುತ್ತದೆ. ಅದು ಕೆಮ್ಮಿಕೊಂಡು ಎದ್ದ ದಿನಕ್ಕೆಲ್ಲ ಹುರಿಗೆ ಕೆಂಚು ಎಸಳು ಕಟ್ಟಿದಳು.

"ಅಕ್ಕಾ, ನೀನು ಹೇಳೋದು ಸರಿ ಕಣಕ್ಕಾ," ಎಂದ ಜಂಬಣ್ಣ. ಅವನಿಗೂ ತನ್ನ ಮಿಷಿನ್ನಿನ ಮೇಲೆ ಅಪವಾದ ಬರುವುದು ಬೇಡವಾಗಿತ್ತು. "ನಾನು ದಿನಾ ಬಯ್ಕಂತಿರ್ತೀನಿ ಆ ಜನರೇಟರ್‌ನ."

ಇಬ್ಬರೂ ಸೇರಿ ಮುರುಗಪ್ಪನನ್ನು ಕಾಡಿ ಬೇಡಿದರು. ಟೆಂಟು ಹೊಸದುರ್ಗಕ್ಕೆ ಬಂದೊಡನೆ ಜನರೇಟರನ್ನು ದೂರದ ಬೇವಿನ ಮರದ ಬುಡಕ್ಕೆ ಎಳೆಸಿದ್ದಾಯಿತು. ಆಟಕ್ಕೆ ಬಹಳ ಮುಂಚೆಯೇ ಎಬ್ಬಿಸಿ, ಇಂಟರ್ವಲ್‌ನಲ್ಲೂ ನಿಲ್ಲಿಸದೆ ಓಡಿಸಿದರು. ಬಂದ ದಿನದ ಮೊದಲ ಆಟಕ್ಕೆ ಮೊದಲ ರೀಲು ಎಗರಿತು. ಇಂಟರ್ವಲ್ ಆದ ಮೇಲಿನದೂ ಎಗರಿತು. ಜನರೇಟರ್ ಮಾತ್ರ ಬೇವಿನ ನೆರಳಲ್ಲಿ ಹಾಯಾಗಿ ಗುರುಗುಡುತ್ತಿತ್ತು.

"ಮುಗೀತಾ ನಿಮ್ಮ ವೈದ್ಯ?" ಎಂದ ಮುರುಗಪ್ಪ. "ಡೀಸೆಲ್ಲೂ ಹೋಯ್ತು, ಮರ್ಯಾದೇನೂ ಹೋಯ್ತು. ಇದು ದೃಷ್ಟಿ ಕಣ್ರಪ್ಪ. ಟೆಂಟು ತುಂಬಿದ ದಿನ ಮಾತ್ರ ಎಗರ್ತೈತೆ, ನೋಡೀರಾ? ಜನರ ಕಣ್ಣು. ಕುಂಬಳಕಾಯಿ ಒಡೆಸ್ತೀನಿ. ಮೆರವಣಿಗೇಲಿ ಪೆಟ್ಟಿಗೇನ ಇನ್ನೊಂದು ಸುತ್ತು ಜಾಸ್ತಿ ತಿರುಗಿಸಿ, ಮಂಗಳಾರತಿ ಮಾಡಿಸ್ತೀನಿ."

ಬರಗೇರಮ್ಮ ಹುರಿಯ ಮುಂದೆ ಹೋಗಿ ಕೂತಳು. ಕೆಂಚು ಎಸಳುಗಳನ್ನು ನೋಡಿದರೆ ನಾಚಿಕೆಯಾಯಿತು. ಜನರೇಟರ್ ಕಳ್ಳ ಎಂದು ಮೊದಲೇ ತೀರ್ಮಾನ ಮಾಡಿ, ಅದರ ಕೆಮ್ಮನ್ನು ಮಾತ್ರ ಕಟ್ಟುತ್ತಾ ಬಂದಿದ್ದಳು. ಅಪ್ಪ ಹಾಗೆ ಮಾಡುತ್ತಿರಲಿಲ್ಲ. "ಕುರಿ ಯಾಕೆ ಸತ್ತಿತು ಅಂತ ಸತ್ತ ದಿನ ಕೇಳಬೇಡ, ಬದುಕಿದ್ದ ದಿನ ಎಲ್ಲೆಲ್ಲಿ ಮೇಯ್ತು ಅದನ್ನ ಕೇಳು" ಅನ್ನುತ್ತಿದ್ದ. ಹುರಿಯನ್ನು ಬಿಚ್ಚಿ ಹಾಕಿ ಹೊಸದು ಹೊಸೆದಳು. ಈಗ ಬೇಕಾದದ್ದನ್ನೂ ಕಟ್ಟಿದಳು, ಬೇಡವೆನಿಸಿದ್ದನ್ನೂ ಕಟ್ಟಿದಳು. ಗಾಳಿ ಎದ್ದದ್ದು, ಜನ ತುಂಬಿದ್ದು, ಜಂಬಣ್ಣ ಮಿಷಿನ್ನಿಗೆ ಎಣ್ಣೆ ಬಿಟ್ಟದ್ದು, ಗಾಡಿ ಮೆರವಣಿಗೆ ಹೋದದ್ದು. ಈರಬಸಪ್ಪ ತಮಾಷೆ ಮಾಡಿದ.

"ಇವತ್ತು ನಾನು ಚೌಳಿಕಾಯಿ ಪಲ್ಯ ತಿಂದೀನಿ. ಅದಕ್ಕೊಂದು ಗಂಟು ಹಾಕಮ್ಮ."

"ನೀವು ತಿಂದ ದಿನ ರೀಲು ಎಗರಿದ್ರೆ ಹಾಕ್ತೀನಿ ಸ್ವಾಮಿ. ಮೂಲಂಗಿ ತಿಂದ್ರೂ ಹೇಳ್ರಿ, ಅದಕ್ಕೆ ಜಂಬಣ್ಣನೇ ಎಗರ್ತಾನೆ."

ಹುರಿ ಒಂದು ವಿಷಯವನ್ನು ಹೇಳಿತು: ಕರಿ ಎಸಳು ಬಿದ್ದ ಕಡೆಯೆಲ್ಲ ಜನ ತುಂಬಿದ ಗಂಟೂ ಇತ್ತು, ಮೆರವಣಿಗೆಯ ಗಂಟೂ ಇತ್ತು. ಮೆರವಣಿಗೆ ಹೋದ ದಿನವೇ ಜನ ತುಂಬುವುದು, ಹಾಗಾಗಿ ಎರಡನ್ನೂ ಬಿಡಿಸಲು ಆಗಲಿಲ್ಲ. ಮುರುಗಪ್ಪನ ದೃಷ್ಟಿಯ ಮಾತನ್ನು ಹುರಿ ಸುಳ್ಳೆನ್ನಲಿಲ್ಲ. ಆದರೆ ತುಂಬಿದ ಟೆಂಟಿನಲ್ಲೂ ಎರಡನೆಯ ಆಟ ಸುಸೂತ್ರವಾಗುತ್ತಿತ್ತಲ್ಲ, ಆ ಜನರಿಗೇನು ಕಣ್ಣಿಲ್ಲವೇ ಎಂದು ಅವಳು ಕೇಳಿಕೊಂಡಳು.

ಹೊಸದುರ್ಗದ ಸಂತೆಯ ದಿನ ಬಂತು. ಮುರುಗಪ್ಪ ಹೇಳಿದ ಹಾಗೆ ಕುಂಬಳಕಾಯಿ ಒಡೆದು, ಪೆಟ್ಟಿಗೆಯನ್ನು ಇನ್ನೊಂದು ಸುತ್ತು ಹೆಚ್ಚಿಗೆ ತಿರುಗಿಸಿದರು. ಇಳಿಹೊತ್ತಿಗೆ ಗಾಡಿ ಟೆಂಟಿಗೆ ಮರಳಿತು. ಈರಬಸಪ್ಪ ಬೀಗದ ಕೈ ಹಿಡಿದುಕೊಂಡು ಬಂದವನು ಪೆಟ್ಟಿಗೆಯ ಮುಂದೆ ಕಲ್ಲಾಗಿ ನಿಂತ. ಅರಗಿನ ಮುದ್ರೆ ಅಳಿಸಿಹೋಗಿತ್ತು. ಅಕ್ಷರಗಳಿದ್ದ ಜಾಗದಲ್ಲಿ ಯಾರದೋ ಹೆಬ್ಬೆಟ್ಟಿನ ಗುರುತು. ಅರಗಿನ ಒಂದು ಹನಿ ಕೆಳಕ್ಕೆ ಇಳಿದು ನಿಂತಿತ್ತು.

"ಯಾರು ಇದನ್ನ ಬಿಚ್ಚಿದ್ದು?"

ಸುತ್ತ ನಿಂತವರನ್ನೆಲ್ಲ ಈರಬಸಪ್ಪ ಒಬ್ಬೊಬ್ಬರಾಗಿ ನೋಡಿದ.

"ಬೆಂಕಿ ತೋರಿಸಿ ಅರಗು ಕರಗಿಸೀರ. ಒಳಗೆ ಕೈ ಹಾಕೀರ. ಅದಕ್ಕೇ ರೀಲು ಹಾಳಾಗ್ತಾ ಅವೆ. ಈಗ ಗೊತ್ತಾಯ್ತು. ರೀಲು ಸುತ್ತೋರಿಗಲ್ದೆ ಇದು ಇನ್ಯಾರಿಗೆ ಬೇಕು?" ಅವನ ಕಣ್ಣು ಬರಗೇರಮ್ಮನ ಮೇಲೆ ನಿಂತಿತು. "ಮುರುಗಪ್ಪಾರೇ, ನಾಳೆ ಬಸ್ಸಿಗೆ ನಾನು ಪ್ರಿಂಟು ತಗೊಂಡು ಹೊರಟೆ. ಹೊಳಲ್ಕೆರೆ ಆಟ ಇಲ್ಲ."

ಮುರುಗಪ್ಪನ ಮುಖ ಬೂದಿಯಾಯಿತು. "ಬರಗೇರವ್ವ..." ಎಂದ.

ಬರಗೇರಮ್ಮ ಅಳಲಿಲ್ಲ, ಆಣೆ ಇಡಲೂ ಇಲ್ಲ. ಗುಡ್ಡಪ್ಪನ ಕಡೆ ತಿರುಗಿದಳು.

"ಸಂತೇಲಿ ಬೀಗ ಮುಟ್ಟಿದೋರು ಯಾರಾದ್ರೂ ಕೈ ಸುಟ್ಕಂಡ್ರೇನಪ್ಪ?"

"ಹ್ಞೂ ಕಣವ್ವ, ಪಕ್ಕದ ಹಳ್ಳಿಯೋನೊಬ್ಬ ಅರಗು ಒತ್ತಿ ನೋಡಿ ಅಮ್ಮಾ ಅಂತ ಕೈ ಕೊಡವಿದ. ಎಲ್ರೂ ನಕ್ಕರು. ಕೆಂಡ ಕೆಂಡ ಆಗಿತ್ತು ತಗಡು."

ಅವಳು ಹೋಗಿ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಹೊತ್ತು ಇಳಿದಿದ್ದರೂ ಹೆಂಚಿನ ಹಾಗೆ ಬಿಸಿ. ಕೈಯನ್ನು ಪಕ್ಕಕ್ಕೆ ಸರಿಸುತ್ತಾ ಕೆಳಕ್ಕೆ ಇಳಿಸಿದಳು. ತಳದ ಹತ್ತಿರ ಬಿಸಿಯೇ ಇರಲಿಲ್ಲ.

"ಸ್ವಾಮಿ, ಬರ್ರಿ ಇಲ್ಲಿ. ನೀವೂ ಕೈ ಇಟ್ಟು ನೋಡ್ರಿ. ಬೆಂಕಿ ಯಾರು ತೋರಿಸಿದ್ರು ಅಂತ ಕೇಳಿದ್ರಲ್ಲ. ಮೇಲೆ ನೋಡ್ರಿ, ಅಲ್ಲವ್ನೆ."

ಎಲ್ಲರೂ ಮೇಲೆ ನೋಡಿದರು. ಪಶ್ಚಿಮಕ್ಕೆ ವಾಲಿದ್ದರೂ ಸೂರ್ಯ ಇನ್ನೂ ಕಾಯುತ್ತಿದ್ದ.

ಈರಬಸಪ್ಪ ಮುಚ್ಚಳ ಮುಟ್ಟಿ ಕೈ ಹಿಂದಕ್ಕೆಳೆದ. ಆದರೂ ಒಪ್ಪಲಿಲ್ಲ. "ಅರಗು ಬಿಸಿಲಿಗೆ ಕರಗಿರಬಹುದು. ರೀಲಿಗೂ ಇದಕ್ಕೂ ಏನು ಸಂಬಂಧ? ಬಿಸಿಲಿಗೆ ಹಾಳಾಗೋದಾದ್ರೆ ಎಲ್ಲಾ ರೀಲೂ ಹಾಳಾಗಬೇಕಿತ್ತು. ಎರಡೇ ಯಾಕೆ?"

ಅದು ಸರಿಯಾದ ಪ್ರಶ್ನೆ. "ಬೀಗ ತೆಗೀರಿ, ಒಳಗೆ ಹೆಂಗೈತೆ ನೋಡಾಣ," ಎಂದಳು. ಈರಬಸಪ್ಪ ಬೀಗ ತೆಗೆದ. ಒಳಗೆ ಡಬ್ಬಿಗಳು ಎರಡು ಸಾಲಾಗಿ, ಒಂದರ ಮೇಲೊಂದು ಕೂತಿದ್ದವು. ಇಂಟರ್ವಲ್‌ಗೆ ಮುಂಚಿನವು ಒಂದು ಸಾಲು, ಆಮೇಲಿನವು ಇನ್ನೊಂದು ಸಾಲು. ಆಟದ ಹೊತ್ತಿಗೆ ಸಲೀಸಾಗಲೆಂದು ಮೊದಲು ಬೇಕಾದದ್ದನ್ನು ಈರಬಸಪ್ಪ ಯಾವಾಗಲೂ ಮೇಲಿಡುತ್ತಿದ್ದ.

ಎರಡು ಸಾಲಿಗೂ ನೆತ್ತಿಯ ಡಬ್ಬಿ ಒಂದೊಂದು. ಅವೇ ಎಗರುವ ಎರಡು ರೀಲು.

ಆದರೂ ಈರಬಸಪ್ಪ ತಲೆಯಾಡಿಸಿದ. "ನೋಡಕ್ಕೆ ಹೊಂದ್ಕಂತೈತೆ. ಹೊಂದ್ಕಂಡಿದ್ದೆಲ್ಲಾ ನಿಜ ಅಲ್ಲ. ಜನರೇಟರ್ ವಿಷಯಾನೂ ಚೆನ್ನಾಗಿ ಹೊಂದಿತ್ತು."

"ಅದೂ ನಿಜವೇ," ಎಂದಳು ಬರಗೇರಮ್ಮ. "ಜನರೇಟರ್ ಮೇಲೆ ಸುಮ್ಮನೆ ಅಪವಾದ ಹೊರಿಸ್ದೆ. ಈ ಸಾರಿ ಪರೀಕ್ಷೆ ಮಾಡಿ ಹೇಳ್ತೀನಿ. ಒಂದೇ ಒಂದು ಸಾರಿ ಅವಕಾಶ ಕೊಡ್ರಿ. ನಾನು ಡಬ್ಬಿ ಮುಟ್ಟಲ್ಲ, ಬೀಗ ಮುಟ್ಟಲ್ಲ. ನಾಳೆ ಬೆಳಿಗ್ಗೆ ಜೋಡಿಸುವಾಗ ನೀವೇ ನಿಮ್ಮ ಕೈಯಾರೆ ಸಾಲು ತಿರುಗಿಸಿ ಇಡ್ರಿ. ಕೊನೇ ರೀಲು ಮೇಲೆ, ಮೊದಲನೇದು ತಳಕ್ಕೆ. ಗಾಡಿ ಇನ್ನೊಂದು ದಿನ ಬಿಸಿಲಿಗೆ ಹೋಗ್ಲಿ. ನನ್ನ ಕೈ ಕೆಟ್ಟದಾದ್ರೆ, ಜನರ ಕಣ್ಣು ಕೆಟ್ಟದಾದ್ರೆ, ಮೊದಲನೇ ರೀಲೇ ಎಗರಬೇಕು. ಪೆಟ್ಟಿಗೆ ನೆತ್ತಿ ಕಾದದ್ದೇ ಕಾರಣ ಆದ್ರೆ ಎಗರೋ ಜಾಗ ಬದಲಾಗ್ತೈತೆ. ಎರಡನೇ ಆಟದ ಹೊತ್ತಿಗೆ ಆರಿ ಸರಿಹೋಗ್ತವೆ, ಅದಕ್ಕೇ ಆಗ ಎಗರಲ್ಲ."

"ಬೇಕು ಅಂತಲೇ ಪ್ರಿಂಟು ಹರಿಸ್ತೀಯೇನಮ್ಮ?"

"ಹರಿಯೋಕೆ ಬಿಡಲ್ರಿ," ಎಂದ ಜಂಬಣ್ಣ. "ಕೈ ಸ್ವಿಚ್ಚಿನ ಮೇಲೇ ಇಟ್ಕಂಡಿರ್ತೀನಿ. ನಡುಗಿದ ಕೂಡ್ಲೇ ನಿಲ್ಲಿಸ್ತೀನಿ."

ಈರಬಸಪ್ಪ ಕೊಡೆಯ ಹಿಡಿಯನ್ನು ತಿರುವಿದ. ಪ್ರಿಂಟು ಕಾಯುವುದು ಅವನ ಕೆಲಸ. ಪ್ರಿಂಟನ್ನು ಕಾಯುತ್ತಿದ್ದ ಬೀಗವೇ ಅದನ್ನು ಬೇಯಿಸುತ್ತಿದೆ ಅಂದರೆ, ಅಷ್ಟು ದಿನವೂ ಪೆಟ್ಟಿಗೆಯನ್ನು ಬಿಸಿಲಿಗೆ ಒಡ್ಡಿದವರಲ್ಲಿ ತಾನೂ ಒಬ್ಬ. "ನಾಳೆ ಒಂದು ದಿನ," ಎಂದ ಕೊನೆಗೆ.

ಮರುದಿನ ಸಂಜೆ ಮೊದಲ ರೀಲು ಹತ್ತಿತು. ಮುರುಗಪ್ಪ ಪರದೆಯ ಕಡೆ ನೋಡಲಾರದೆ ಬಾಗಿಲ ಹತ್ತಿರ ನಿಂತಿದ್ದ. ರೀಲು ಸುಸೂತ್ರವಾಗಿ ಓಡಿತು. ಎರಡನೆಯದೂ ಓಡಿತು. "ದೃಷ್ಟಿ ಕಳೀತು, ಕುಂಬಳಕಾಯಿ ಕೆಲಸ ಮಾಡ್ತು!" ಎಂದು ಮುರುಗಪ್ಪ ಕುಣಿದ. ರೀಲು ಓಡಿದಷ್ಟೂ ಬರಗೇರಮ್ಮನ ಮಾತು ಸೋಲುವ ದಾರಿಯೂ ತೆರೆದೇ ಇತ್ತು. ಇಂಟರ್ವಲ್‌ಗೆ ಮುಂಚಿನ ಕೊನೆಯ ರೀಲು, ಪೆಟ್ಟಿಗೆಯ ನೆತ್ತಿಯಲ್ಲಿ ಕೂತಿದ್ದದ್ದು, ಮಿಷಿನ್ನಿಗೆ ಏರಿತು. ನಾಯಕ ಖಳನ ಕೊರಳಪಟ್ಟಿ ಹಿಡಿದ. ಚಿತ್ರ ನಡುಗಿತು. ಮಸುಕಾಯಿತು. ಜಂಬಣ್ಣ ತಟ್ಟನೆ ನಿಲ್ಲಿಸಿದ.

"ಲೇ, ಹೊಡೆಯಕ್ಕೆ ಬಿಡ್ರೋ ಅವನ್ನ! ಇಷ್ಟೊತ್ತೂ ಕಾದಿದ್ದು ಅದಕ್ಕೇ!" ಎಂದು ಜನ ಬೊಬ್ಬೆ ಹಾಕಿದರು. ಮುರುಗಪ್ಪ ತಲೆ ಮೇಲೆ ಕೈ ಹೊತ್ತ. ಇಡೀ ಟೆಂಟಿನಲ್ಲಿ ಚಿತ್ರ ಎಗರಿದ್ದಕ್ಕೆ ಖುಷಿಪಟ್ಟ ಜೀವ ಬರಗೇರಮ್ಮ ಒಬ್ಬಳೇ.

"ಜಾಗ ಬದಲಾಯ್ತು ಸ್ವಾಮಿ," ಎಂದಳು.

ಈರಬಸಪ್ಪ ಫಿಲಂ ಅಂಚನ್ನು ಬೆರಳಿನಲ್ಲಿ ಸವರಿದ. ಬಾಳೆಸಿಪ್ಪೆಯ ಹಾಗೆ ಸುರುಟಿತ್ತು. "ಬದಲಾಯ್ತಮ್ಮ," ಎಂದ. ಸ್ವಲ್ಪ ತಡೆದು, "ನಿನ್ನೆ ನಿನ್ನ ಮೇಲೆ ಕಳ್ಳತನ ಹೊರಿಸ್ದೆ. ತಪ್ಪಾಯ್ತು," ಎಂದೂ ಸೇರಿಸಿದ.

ಇಷ್ಟಕ್ಕೆ ಮುಗಿಯಿತೆಂದುಕೊಂಡರೆ ಮುರುಗಪ್ಪ ಅಡ್ಡ ಕೂತ. ಹೊಳಲ್ಕೆರೆಯಲ್ಲಿ ಮೆರವಣಿಗೆ ಬಿಡುವ ಹಾಗಿಲ್ಲ. ಪರದೆಗೆ ಕಲ್ಲು ಹೊಡೆದ ಊರು ಅದು. ಬೀಗ ನೋಡದೆ ಒಬ್ಬನೂ ಟೆಂಟಿನೊಳಗೆ ಕಾಲಿಡುವುದಿಲ್ಲ. ಸಂತೆ ಸೇರುವುದೂ ಬಿಸಿಲಿನಲ್ಲೇ.

"ಪೆಟ್ಟಿಗೆ ಹೋಗ್ಲಿ," ಎಂದಳು ಬರಗೇರಮ್ಮ. "ಮೇಲೆ ಗೋಣಿತಾಟು ಹಾಸಿ, ಅದರ ಮೇಲೆ ಕೊಡೆ ಹಿಡಿಯಾಣ."

"ಮುಚ್ಚಿಬಿಟ್ರೆ ಬೀಗ ಹೆಂಗೆ ಕಾಣ್ತೈತೆ?"

"ಬೀಗ ಮುಂದ್ಗಡೆ ಐತೆ. ಬಿಸಿಲು ಮೇಲ್ಗಡೆಯಿಂದ ಬೀಳ್ತೈತೆ."

"ಊರೆಲ್ಲಾ ತಿರುಗೋವಾಗ ಕೊಡೆ ಹಿಡ್ಕಂಡು ಯಾರು ಕುಂದ್ರುತಾರೆ? ಗುಡ್ಡಪ್ಪ ಎತ್ತು ನೋಡ್ಬೇಕು, ತಮಟೆಯೋನು ಕೈ ಬಿಡಂಗಿಲ್ಲ."

"ನಾನು ಕುಂದ್ರುತೀನಿ."

ಮುರುಗಪ್ಪ ಮುಜುಗರಪಟ್ಟ. ಅತ್ತ ಇತ್ತ ನೋಡಿ ದನಿ ತಗ್ಗಿಸಿದ. "ಹೂವಿನ ಗಾಡಿ ಕಣವ್ವ. ಮುತ್ತೈದೆ ಅಲ್ಲದೋಳು ಅದರ ಮೇಲೆ ಕುಂತ್ರೆ... ನಾನಂತೂ ಏನೂ ಅನ್ನಲ್ಲ. ಜನ ಏನಂತಾರೆ?"

"ಜನ ಬರೋದು ಆಟ ನೋಡಕ್ಕೆ, ನನ್ನ ಹಣೆ ನೋಡಕ್ಕಲ್ಲ. ಸಾವ್ಕಾರ್ರೇ, ನೀವು ಮಣೆ ಬಿಡು ಅಂದ್ರೆ ಬಿಡಿಸ್ರಿ. ಮಣೆ ಇರೋ ತನಕ ಆ ರೀಲು ಸುರುಟೋಕೆ ನಾನು ಬಿಡಲ್ಲ."

ಈರಬಸಪ್ಪ ಕಂಕುಳಲ್ಲಿದ್ದ ಕೊಡೆಯನ್ನು ತೆಗೆದು ಅವಳ ಕೈಗೆ ಕೊಟ್ಟ. ಅಲ್ಲಿಗೆ ಆ ಮಾತು ತೀರಿತು.

ಹೊಳಲ್ಕೆರೆಯ ಸಂತೆಯಲ್ಲಿ ಅಂದು ಗಾಡಿ ನಿಂತಾಗ ಜನ ಬೀಗಕ್ಕಿಂತ ಮೊದಲು ಗಾಡಿಯ ಮೇಲಿದ್ದವಳನ್ನು ನೋಡಿದರು. ಮಾಸಿದ ಸೀರೆ, ಬರಿದಾದ ಹಣೆ, ನೆಟ್ಟಗೆ ಹಿಡಿದ ಕರಿ ಕೊಡೆ, ಕೊಡೆಯ ಕೆಳಗೆ ಗೋಣಿತಾಟು ಹೊದ್ದ ತಗಡಿನ ಪೆಟ್ಟಿಗೆ. ಅವಳ ತಲೆಗೆ ಮಾತ್ರ ಬಿಸಿಲು.

"ಏನವ್ವ, ಪೆಟ್ಟಿಗೆಗೆ ಮದ್ವೇನಾ? ಮದುಮಗ ಎಲ್ಲಿ?" ಎಂದ ಒಬ್ಬ ಮೆಣಸಿನಕಾಯಿ ವ್ಯಾಪಾರಿ.

"ಒಳಗವ್ನೆ. ಬಿಸಿಲಿಗೆ ಬಂದ್ರೆ ಕಪ್ಪಾಗ್ತಾನಂತೆ. ಸಂಜೆ ಬಾ, ಮುಖ ತೋರಿಸ್ತೀನಿ."

"ಗಂಡ ಸತ್ತೋಳು ಹೂವಿನ ಗಾಡಿ ಹತ್ತಿದ್ದಾಳಲ್ಲ," ಎಂದಿತು ಹಿಂದಿನಿಂದ ಒಂದು ಹೆಣ್ಣು ದನಿ.

ಬರಗೇರಮ್ಮ ಆ ದನಿಯ ಕಡೆ ತಿರುಗಿದಳು. "ಹ್ಞೂ ತಾಯಿ, ಹತ್ತೀನಿ. ನೀನೂ ಮುಂದೆ ಬಾ, ಬೀಗ ಮುಟ್ಟಿ ನೋಡು. ಸುಡಲ್ಲ."

ಆಕೆ ಬಂದಳು. ಮುಟ್ಟಿದಳು. ಅರಗಿನ ಮೇಲೆ ಮುದ್ರೆ ಅಚ್ಚುಕಟ್ಟಾಗಿ ಕೂತಿತ್ತು. ಗುಡ್ಡಪ್ಪ ಎಂದಿಗಿಂತ ಜೋರಾಗಿ ಕೂಗಿದ. ಸಂತೆಯ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಬಸ್‌ಸ್ಟ್ಯಾಂಡಿಗೆ, ಮತ್ತೆ ಪೇಟೆಗೆ. ಬಿಸಿಲು ಸರಿದ ಹಾಗೆಲ್ಲ ಅವಳು ಕೊಡೆಯನ್ನು ಸರಿಸುತ್ತಾ ಹೋದಳು. ತೋಳು ಮರಗಟ್ಟಿತು, ಕೈ ಬದಲಾಯಿಸಿದಳು, ಅದೂ ಮರಗಟ್ಟಿತು. ತಮಟೆಯವನು "ಒಂದೀಟು ಇಳಿಸವ್ವ" ಅಂದ. ಅವಳು ಇಳಿಸಲಿಲ್ಲ.

ಸಂಜೆ ಈರಬಸಪ್ಪ ಡಬ್ಬಿಗಳನ್ನು ತೆಗೆದ. ಈ ಸಲ ಹಿಂದಿನ ಹಾಗೆಯೇ ಮೊದಲನೆಯದು ಮೇಲಿತ್ತು. ಮುಚ್ಚಳ ತಣ್ಣಗಿತ್ತು. ಜಂಬಣ್ಣ ರೀಲು ಏರಿಸಿ, ಒಂದು ಕೈ ಸ್ವಿಚ್ಚಿನ ಮೇಲಿಟ್ಟು ಮಿಷಿನ್ನು ಹಾಕಿದ. ಬರಗೇರಮ್ಮ ಅವನ ಪಕ್ಕ ನಿಂತಳು. ಹೊರಗೆ ಜನ ಸಿಳ್ಳೆ ಹೊಡೆದರು, ಮಕ್ಕಳು ಅತ್ತವು, ಚಿತ್ರ ಓಡಿತು. ಮೊದಲ ರೀಲು ಮುಗಿದಾಗ ಜಂಬಣ್ಣ ಉಸಿರು ಬಿಟ್ಟ, ಅವಳು ಬಿಡಲಿಲ್ಲ. ಇಂಟರ್ವಲ್ ಆಯಿತು. ಪೆಟ್ರೋಮ್ಯಾಕ್ಸ್ ಹತ್ತಿತು, ಆರಿತು. ಎರಡನೆಯ ಸಾಲಿನ ನೆತ್ತಿಯ ರೀಲು ಏರಿತು. ನಾಯಕಿ ಬೆಟ್ಟದ ಮೇಲೆ ನಿಂತು ಹಾಡತೊಡಗಿದಳು. ಹಿರಿಯೂರಿನಲ್ಲೂ ಹೊಸದುರ್ಗದಲ್ಲೂ ಸಂತೆಯ ಜನ ಪೂರ್ತಿ ಕೇಳದೇ ಹೋದ ಹಾಡು ಅದು. ಪಲ್ಲವಿ ಆಯಿತು, ಚರಣ ಆಯಿತು, ಇನ್ನೊಂದು ಚರಣವೂ ಆಯಿತು.

"ಅಕ್ಕಾ, ಮುಗೀತು," ಎಂದ ಜಂಬಣ್ಣ.

ಮುರುಗಪ್ಪ ಕೋಣೆಯ ಬಾಗಿಲಿಗೆ ಬಂದ. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. "ನಾಳೆ ಬೆಳಿಗ್ಗೆ ಬಿಸಿಲೇರೋ ಮುಂಚೆ ಸುತ್ತಿ ಮುಗಿಸವ್ವ," ಎಂದ. "ಪೆಟ್ಟಿಗೇನ ನಿನ್ನ ಮಣೆ ಪಕ್ಕ ನೆರಳಾಗೆ ಇಡಿಸ್ತೀನಿ."

"ಈರಬಸಪ್ಪಾರು ಎದ್ರೆ ಸುತ್ತೋದು ಮುಗಿಸ್ತೀನಿ," ಎಂದಳು ಅವಳು. "ಅವರು ಬರದೆ ಬೀಗ ತೆಗೆಯಂಗಿಲ್ಲ."

ಜಂಬಣ್ಣ ಮುಂದಿನ ರೀಲು ಏರಿಸುತ್ತಿದ್ದ. ಬರಗೇರಮ್ಮ ಓಡಿ ಮುಗಿದ ರೀಲನ್ನು ಎರಡು ಕೈಯಲ್ಲಿ ಎತ್ತಿಕೊಂಡಳು. ದೀಪದ ಮುಂದೆ ಹಾದು ಬಂದು ಅದು ಇನ್ನೂ ಬೆಚ್ಚಗಿತ್ತು. ಆರಲೆಂದು ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತಳು. ಆಮೇಲೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, ಎರಡನೆಯ ಆಟಕ್ಕೆ ಮುಂಚೆ ಸುತ್ತಲು ಕೈಗೆ ಸಿಗುವ ಹಾಗೆ ತನ್ನ ಮಣೆಯ ಬಲಕ್ಕೆ ಇಟ್ಟಳು.